ಮಂದ ಬಿಸಿಲಿನ ಸದ್ದು

ಪೆಟ್ಟಿಗೆಗೆ ಕಿವಿ ಹಚ್ಚಿ ಕೂತಿದ್ದ ಕಿವಿ ಮೇಷ್ಟ್ರು ಮೂರನೆಯ ಸಲವೂ ಇಲ್ಲವೆಂದು ತಲೆಯಾಡಿಸಿದರು. ಹೆರಿಗೆ ಆಸ್ಪತ್ರೆಯ ಮೊದಲ ಮಹಡಿಯ ಆ ಕೋಣೆ ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಗೋಡೆಗುಂಟ ನಾಲ್ಕು ಗಾಜಿನ ತೊಟ್ಟಿಲು, ನಾಲ್ಕರಲ್ಲೂ ದಿನ ತುಂಬುವ ಮೊದಲೇ ಅವಸರಪಟ್ಟು ಹೊರಬಂದ ಕೂಸುಗಳು, ಒಂದೊಂದರ ಮೇಲೂ ಕಾವು ಕೊಡುವ ದೀಪ. ಚಾವಣಿಯ ಸೌರಫಲಕದಿಂದ ಆ ದೀಪಗಳಿಗೆ ಕರೆಂಟು ಕೊಡಲು ಕಿಟಕಿಯ ಪಕ್ಕ ಗೋಡೆಗೆ ಬಿಗಿದಿದ್ದ ಬೂದು ಬಣ್ಣದ ಪೆಟ್ಟಿಗೆ ಮೇಷ್ಟ್ರ ಸ್ವಂತ ವಿನ್ಯಾಸ. ಬೆಳಗಿನ ಏಳೂವರೆಯಾಗಿತ್ತು. ಹೊರಗೆ ಮೋಡ ಕವಿದಿತ್ತು.

"ಸದ್ದೇ ಇಲ್ವಲ್ಲ ಸಿಸ್ಟರ್," ಎಂದರು ಮೇಷ್ಟ್ರು, ರಚ್ಚೆ ಹಿಡಿದ ಮಗುವನ್ನು ಸಮಾಧಾನಪಡಿಸುವವರ ಹಾಗೆ.

ಸಿಸ್ಟರ್‌ಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಸೌಮ್ಯವಾಗಿ ಮಾತಾಡುತ್ತ ತನ್ನ ಮಾತನ್ನು ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡದ ಜಾತಿಯವಳು. ಈ ಪೆಟ್ಟಿಗೆ ಬಂದು ಹನ್ನೆರಡು ದಿನವಾಗಿತ್ತು, ಹನ್ನೆರಡು ದಿನದಿಂದಲೂ ಅವಳು ಅದು ಕೂಗುತ್ತದೆ ಎಂದು ಹೇಳುತ್ತಲೇ ಬಂದಿದ್ದಳು. ಆಸ್ಪತ್ರೆಯ ದೊಡ್ಡ ಡಾಕ್ಟರು ಬಂದು ಕೇಳಿ ಏನೂ ಇಲ್ಲವೆಂದಿದ್ದರು, ಅವರಿಗೆ ಅರವತ್ತೆರಡು. ಎಲೆಕ್ಟ್ರಿಷಿಯನ್ ಬಂದು ಕೇಳಿ ನಿದ್ದೆ ಕಡಿಮೆಯಾಗಿರಬೇಕು ಎಂದು ಅವಳಿಗೇ ಬುದ್ಧಿ ಹೇಳಿ ಹೋಗಿದ್ದ, ಅವನಿಗೂ ಐವತ್ತರ ಮೇಲೆ. ಕೊನೆಗೆ ಅವಳು ಕಂಪನಿಗೇ ಫೋನು ಮಾಡಿ, ಪೆಟ್ಟಿಗೆ ಮಾಡಿದವರೇ ಬಂದು ಕೇಳಲಿ ಎಂದು ಪಟ್ಟು ಹಿಡಿದಿದ್ದಳು.

"ಸೂಜೀಲಿ ಚುಚ್ಚಿದ ಹಾಗೆ ಒಂದೇ ಸಮ ಕೂಗತ್ತೆ ಸರ್. ನಿಮಗೆ ನಿಜವಾಗ್ಲೂ ಕೇಳಿಸ್ತಿಲ್ವಾ?"

ಕೇಳಿಸಲು ಏನಾದರೂ ಇದ್ದರೆ ತಾನೇ ಕೇಳಿಸುವುದು ಎಂಬ ಉತ್ತರ ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಒಂದು ಹಾಳೆ ಮುಂದೆ ಹಿಡಿದಳು. ಕೂಸುಗಳ ಜ್ವರ ಬರೆದಿಡುವ ಚೌಕುಳಿ ಹಾಳೆಯ ಹಿಂಬದಿಯಲ್ಲಿ ಹನ್ನೆರಡು ದಿನದ ಲೆಕ್ಕವಿತ್ತು: ಸದ್ದು ಶುರುವಾದ ಹೊತ್ತು, ನಿಂತ ಹೊತ್ತು. ಬೆಳಿಗ್ಗೆ ಆರೂಕಾಲಿಂದ ಒಂಬತ್ತರವರೆಗೆ. ಮಧ್ಯಾಹ್ನವೆಲ್ಲ ಇಲ್ಲ. ಸಂಜೆ ನಾಲ್ಕೂವರೆಯಿಂದ ಮತ್ತೆ. ಐದನೆಯ ದಿನ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಒಂದೇ ಗೆರೆ, ಪಕ್ಕದಲ್ಲಿ 'ಮೋಡ' ಎಂದು ಬರೆದಿತ್ತು. ಆ ಹೊತ್ತುಗಳಲ್ಲಿ ಕೂಸುಗಳು ಎಷ್ಟು ಸಲ ಬೆಚ್ಚಿದವು, ಎಷ್ಟು ಸಲ ಮುಖ ಹಿಂಡಿದವು ಎಂಬುದೂ ಕೆಳಗಿತ್ತು.

ಮೇಷ್ಟ್ರು ಹಾಳೆ ನೋಡಿದರು. ಮತ್ತೆ ನೋಡಿದರು. ಚಾವಣಿಯ ಮೇಲೆ ಬೆಳಕಿನ ಮೀಟರು ಇಟ್ಟಿದ್ದರೂ ಇಷ್ಟು ಕರಾರುವಾಕ್ಕಾಗಿ ಬರೆಯಲು ಆಗುತ್ತಿರಲಿಲ್ಲ. ತಮ್ಮ ಪೆಟ್ಟಿಗೆ ಮಂದ ಬಿಸಿಲಿನಲ್ಲಿ ನಿಧಾನಕ್ಕಿಳಿಯುವ ಹೊತ್ತುಗಳನ್ನು, ಪೆಟ್ಟಿಗೆಯ ಒಳಗೇನಿದೆಯೆಂದು ಗೊತ್ತಿಲ್ಲದ ಒಬ್ಬ ಹುಡುಗಿ ಬರಿಯ ಕಿವಿಯಿಂದ ಹಿಡಿದುಬಿಟ್ಟಿದ್ದಳು. ಅವರು ಬಾಗಿಲ ಬಳಿ ನಿಂತಿದ್ದ ತಮ್ಮ ಸಹಾಯಕ ಎಂಜಿನಿಯರಳ ಕಡೆ ತಿರುಗಿದರು. ಎರಡು ವರ್ಷದಿಂದ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಅವಳು ನೆಲ ನೋಡುತ್ತ ನಿಂತಿದ್ದಳು.

"ನಿನಗೇನಮ್ಮ, ಕೇಳಿಸ್ತಿದೆಯಾ?"

ಅವಳು ಸಿಸ್ಟರ್ ಕಡೆ ಒಮ್ಮೆ ನೋಡಿದಳು.

"ಕೇಳಿಸ್ತಿದೆ ಸರ್."

ಇಲ್ಲಿ ಮೇಷ್ಟ್ರ ಕಿವಿಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಂಪನಿಯ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಕೆಲಸ ಕಲಿತದ್ದರಿಂದ ಮೇಷ್ಟ್ರು. ಕಿವಿ ಎಂಬುದು ಬಿರುದು. ಒಮ್ಮೆ ನಲವತ್ತು ಪೆಟ್ಟಿಗೆಗಳು ಒಟ್ಟಿಗೆ ಓಡುತ್ತಿದ್ದ ಕೋಣೆಗೆ ಬಂದವರೇ ಬಾಗಿಲಲ್ಲೇ ನಿಂತು, ಮೂರನೆಯ ಸಾಲಿನ ಎರಡನೆಯದರಲ್ಲಿ ತಂತಿ ಸುತ್ತಿದ ಕಾಯಿಲಿನ ಅಂಟು ಬಿಟ್ಟಿದೆ ನೋಡಿ ಎಂದಿದ್ದರು. ಬಿಚ್ಚಿ ನೋಡಿದರೆ ಬಿಟ್ಟಿತ್ತು. ಆವತ್ತಿನಿಂದ ಯಂತ್ರ ಏನೇ ಹೇಳಲಿ, ಮೇಷ್ಟ್ರ ಕಿವಿ ಒಪ್ಪಿದ ಮೇಲೇ ಪೆಟ್ಟಿಗೆ ಹೊರಗೆ ಹೋಗುವುದು ಪದ್ಧತಿಯಾಯಿತು.

ಅವರ ಪೆಟ್ಟಿಗೆ ಮಾಡುವ ಕೆಲಸವೂ ಸಾಮಾನ್ಯದ್ದಲ್ಲ. ಚಾವಣಿಯ ಸೌರಫಲಕ ಕೊಡುವುದು ಮೂವತ್ತಾರು ವೋಲ್ಟು. ಒಳಗಿನ ದೀಪಗಳ ಸಾಲಿಗೆ ಬೇಕಾದದ್ದು ಮುನ್ನೂರ ಎಂಬತ್ತು. ಫಲಕಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿದರೆ ವೋಲ್ಟು ತಾನೇ ಏರುತ್ತದೆ ನಿಜ, ಆದರೆ ನೀರಿನ ಟ್ಯಾಂಕಿನ ನೆರಳು ಒಂದರ ಮೇಲೆ ಬಿದ್ದರೂ ಇಡೀ ಸಾಲೇ ಸುಸ್ತಾಗುತ್ತದೆ. ಆದ್ದರಿಂದ ಫಲಕಗಳನ್ನು ಅಕ್ಕಪಕ್ಕ ಇಟ್ಟು, ಸಿಕ್ಕ ಕಡಿಮೆ ವೋಲ್ಟನ್ನೇ ಹತ್ತು ಪಟ್ಟು ಎತ್ತಬೇಕು. ಪೆಟ್ಟಿಗೆಯೊಳಗೆ ಒಂದು ಸ್ವಿಚ್ಚು ಸೆಕೆಂಡಿಗೆ ಅರವತ್ತು ಸಾವಿರ ಸಲ ತೆರೆದು ಮುಚ್ಚುತ್ತದೆ. ಒಂದೇ ಕಪ್ಪು ತಿರುಳಿಗೆ ಸುತ್ತಿದ ಎರಡು ತಂತಿಗಳು ಆ ಬಡಿತವನ್ನು ಕೈಯಿಂದ ಕೈಗೆ ದಾಟಿಸಿ ಎತ್ತರಕ್ಕೆ ಒಯ್ಯುತ್ತವೆ. ದಾಟಿಸುವಾಗ ಚೂರು ಶಕ್ತಿ ಸೋರಿ ಸ್ವಿಚ್ಚಿನ ತಲೆಗೇ ಬಡಿಯುತ್ತದೆ. ಬೇರೆಯವರು ಅದನ್ನು ಶಾಖವಾಗಿ ಸುಟ್ಟು ಕಳೆಯುತ್ತಿದ್ದ ಕಾಲದಲ್ಲಿ ಮೇಷ್ಟ್ರು ಅದನ್ನೂ ಹಿಡಿದು, ಕೆಪಾಸಿಟರಿನಲ್ಲಿ ಕೂಡಿಟ್ಟು, ಮೇಲಕ್ಕೇ ಕಳಿಸಿದ್ದರು. ಆ ಸರ್ಕೀಟನ್ನು ಬಲ್ಲವರು ನೋಡಿದರೆ ಇಂದಿಗೂ ತಲೆದೂಗುತ್ತಾರೆ.

ತೊಡಕಿರುವುದು ಮಂದ ಬಿಸಿಲಿನಲ್ಲಿ. ಸ್ವಿಚ್ಚಿನ ಪ್ರತಿ ಬಡಿತಕ್ಕೂ ಇಷ್ಟು ಶಕ್ತಿ ಖರ್ಚು. ಬೆಳಗಿನ ಹೊತ್ತು ಬರುವುದೇ ಚೂರಾಗಿರುವಾಗ ಬಡಿತ ಕಡಿಮೆ ಮಾಡದಿದ್ದರೆ ಬಂದದ್ದೆಲ್ಲ ಬಡಿತಕ್ಕೇ ಹೋಗುತ್ತದೆ. ಆದರೆ ತೀರಾ ಕಡಿಮೆ ಮಾಡಿದರೆ ಅದು ಮನುಷ್ಯರ ಕಿವಿಯ ಎಟುಕಿಗೆ ಇಳಿದು ಕಾಯಿಲು ಕೂಗತೊಡಗುತ್ತದೆ. ಎಲ್ಲಿ ನಿಲ್ಲಿಸಬೇಕು? ಇಪ್ಪತ್ತು ಸಾವಿರದ ಮೇಲಿಡಿ ಎನ್ನುತ್ತವೆ ಪುಸ್ತಕಗಳು. ಇಪ್ಪತ್ತು ಸಾವಿರ ಕೇಳಿಸುವುದು ಬಾವಲಿಗೆ ಎಂದು ಮೇಷ್ಟ್ರು ಪುಸ್ತಕದವರನ್ನು ಗೇಲಿ ಮಾಡುತ್ತಿದ್ದರು. ಅವರ ವಿಧಾನ ಬೇರೆ. ಪೆಟ್ಟಿಗೆಯ ಪಕ್ಕ ಕಣ್ಣು ಮುಚ್ಚಿ ಕೂತು, ಗುಂಡಿ ತಿರುಗಿಸುತ್ತ ಬಡಿತ ಇಳಿಸುತ್ತ ಹೋಗುವುದು. ಕಾಯಿಲಿನ ದನಿ ಕಿವಿಗೆ ಬಿದ್ದ ಕೂಡಲೇ ನಿಲ್ಲಿಸಿ, ಅಲ್ಲಿಂದ ಒಂದು ಸಾವಿರ ಮೇಲೇರಿಸಿ, ಅದೇ ತಳಮಿತಿ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಪ್ರತಿ ಹೊಸ ವಿನ್ಯಾಸಕ್ಕೂ ಹೀಗೇ ಮಾಡಿದ್ದರು, ಹದಿನೆಂಟು ವರ್ಷ.

ವ್ಯಾನಿನಲ್ಲಿ ವಾಪಸು ಬರುವಾಗ ಮೇಷ್ಟ್ರು ಎಂಜಿನಿಯರಳನ್ನು, ಎಂದಿನಿಂದ ಕೇಳಿಸುತ್ತಿದೆ ಎಂದು ವಿಚಾರಿಸಿದರು. ಸೇರಿದ ದಿನದಿಂದ ಎಂದಳು. ಮೊದಲ ತಿಂಗಳಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಯೂ ಇದ್ದಳಂತೆ. ಕಿವಿ ಮೇಷ್ಟ್ರಿಗೇ ಕೇಳಿಸದ್ದು ನಿನಗೆ ಕೇಳಿಸಿತಾ ಎಂದು ಕೋಣೆಗೆ ಕೋಣೆಯೇ ನಕ್ಕಿತ್ತಂತೆ. ಆಮೇಲೆ ಅವಳು ಸುಮ್ಮನಾಗಿ ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೆಲಸ ಮಾಡತೊಡಗಿದ್ದಳು. ಹಾಡು ಕೇಳಿಕೊಂಡು ಕೆಲಸ ಮಾಡುವವರಿಗೆ ಸರ್ಕೀಟು ಒಲಿಯುವುದಿಲ್ಲ ಎಂದು ಮೇಷ್ಟ್ರು ಅದಕ್ಕೂ ಎರಡು ಸಲ ಗದರಿದ್ದರು.

"ಹಾಡು ಯಾವತ್ತೂ ಹಾಕಿಲ್ಲ ಸರ್. ಸುಮ್ನೆ ಅಡ್ಡ ಇರ್ಲಿ ಅಂತ."

"ನಾನೂ ನಕ್ಕಿದ್ನಾ ಆವತ್ತು?"

ಅವಳು ಕಿಟಕಿಯ ಆಚೆ ನೋಡಿದಳು. ಅಷ್ಟರಲ್ಲೇ ಅವರಿಗೆ ಉತ್ತರ ಸಿಕ್ಕಿತು. ತಾವು ನಕ್ಕದ್ದು ನೆನಪಿಗೇ ಬರುತ್ತಿಲ್ಲವಲ್ಲ ಎಂಬುದು ಅವರಿಗೆ ನಕ್ಕದ್ದಕ್ಕಿಂತ ಹೆಚ್ಚು ಚುಚ್ಚಿತು.

ಕಂಪನಿಗೆ ಬಂದವರೇ ಮೇಷ್ಟ್ರು ಅದೇ ಮಾದರಿಯ ಇನ್ನೊಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಎಂಜಿನಿಯರಳನ್ನು ಎದುರಿಗೆ ಕೂರಿಸಿ, ಕೇಳಿಸಿದಾಗ ಬೆರಳೆತ್ತು ಎಂದರು. ಗುಂಡಿ ತಿರುಗತೊಡಗಿತು. ಹದಿನೇಳು ಸಾವಿರಕ್ಕೆ ಅವಳ ಬೆರಳು ಮೇಲೆದ್ದಿತು. ಹದಿನಾರಕ್ಕೆ ಹುಬ್ಬು ಗಂಟಾಯಿತು. ಹದಿನಾಲ್ಕಕ್ಕೆ ಅವಳು ಒಂದು ಕಿವಿ ಮುಚ್ಚಿಕೊಂಡಳು. ಹನ್ನೆರಡರಲ್ಲಿ ಅವಳ ಕಣ್ಣಂಚಿನಲ್ಲಿ ನೀರು ಬಂದಿತ್ತು, ಮೇಷ್ಟ್ರ ಕಿವಿಯಲ್ಲಿ ಮಾತ್ರ ಭೂಮಿ ತಣ್ಣಗೆ ಮಲಗಿತ್ತು. ಹತ್ತು ಸಾವಿರದ ಎಂಟುನೂರಕ್ಕೆ ಬಂದಾಗ ಎಲ್ಲೋ ದೂರದಲ್ಲಿ ಸೊಳ್ಳೆಯೊಂದು ಹಾರಿದಂತೆ ಅವರಿಗೆ ಸದ್ದು ಕೇಳಿಸಿತು. ಅವರು ಗುಂಡಿಯಿಂದ ಕೈ ತೆಗೆದರು.

ಆಮೇಲೆ ಅವರು ಕಪಾಟಿನಿಂದ ನೋಟ್‌ಬುಕ್ಕುಗಳನ್ನು ತೆಗೆದು, ತಳಮಿತಿಗಳನ್ನೆಲ್ಲ ಒಂದು ಹಾಳೆಯಲ್ಲಿ ಸಾಲಾಗಿ ಬರೆದರು. ಮೊದಲ ಪೆಟ್ಟಿಗೆಗೆ ಹದಿನಾರೂವರೆ ಸಾವಿರ. ನಾಲ್ಕು ವರ್ಷದ ನಂತರ ಹದಿನೈದೂವರೆ. ಆಮೇಲೆ ಹದಿನಾಲ್ಕೂಮುಕ್ಕಾಲು, ಹದಿಮೂರೂವರೆ, ಹನ್ನೆರಡೂಮುಕ್ಕಾಲು. ಕೊನೆಯದು ಹನ್ನೊಂದು ಸಾವಿರದ ಎಂಟುನೂರು. ಪಕ್ಕದಲ್ಲಿ ಮಂದ ಬಿಸಿಲಿನ ದಕ್ಷತೆ, ಅಂದರೆ ಬಂದ ನೂರು ಪಾಲಿನಲ್ಲಿ ದೀಪಕ್ಕೆ ಮುಟ್ಟಿದ ಪಾಲು ಎಷ್ಟು ಎಂಬುದನ್ನು ಬರೆದರು. ಎಂಬತ್ತನಾಲ್ಕು, ಎಂಬತ್ತಾರು, ಎಂಬತ್ತೇಳು, ಎಂಬತ್ತೊಂಬತ್ತು, ತೊಂಬತ್ತು, ತೊಂಬತ್ತೊಂದು. ವರ್ಷದಿಂದ ವರ್ಷಕ್ಕೆ ಏರುತ್ತ ಹೋದ ಈ ಅಂಕಿಗಳಿಗಾಗಿಯೇ ಅವರಿಗೆ ವೇದಿಕೆ ಹತ್ತಿಸಿ ಪ್ರಶಸ್ತಿ ಫಲಕ ಕೊಟ್ಟಿದ್ದರು, ಭಾಷಣ ಮಾಡಿಸಿದ್ದರು. ತಂತಿಯನ್ನು ಚೆನ್ನಾಗಿ ಸುತ್ತಿದ್ದರಿಂದ, ತಿರುಳು ಬದಲಾಯಿಸಿದ್ದರಿಂದ ದಕ್ಷತೆ ಹೆಚ್ಚಿತೆಂದು ಅವರೇ ನಂಬಿ ವಿವರಿಸಿಯೂ ಇದ್ದರು.

ಎಂಜಿನಿಯರಳಿಗೆ ಆ ಹಾಳೆ ಅರ್ಥವಾಯಿತು. ಆದರೆ ಅದನ್ನು ತಾನು ಹೇಳುವುದು ಹೇಗೆಂದು ತಿಳಿಯದೆ ಪೆನ್ಸಿಲು ಹಿಡಿದು ಕೂತಿದ್ದಳು. ಮೇಷ್ಟ್ರೇ ಹೇಳಿದರು.

"ನಾನು ಜಾಣ ಆಗಿದ್ದಲ್ಲಮ್ಮ ಇದು. ಕಿವುಡ ಆಗಿದ್ದು."

ಬೇರೆಯವರಾಗಿದ್ದರೆ ಆ ಹಾಳೆಯನ್ನು ಅಲ್ಲೇ ಹರಿದು ಜೇಬಿಗೆ ಹಾಕಿಕೊಳ್ಳುತ್ತಿದ್ದರೇನೋ. ಯಾರು ಕೇಳುತ್ತಿದ್ದರು? ಹದಿನೆಂಟು ವರ್ಷದ ಹೆಸರು ಒಂದೇ ಹಾಳೆಯಲ್ಲಿ ನೆಲಕಚ್ಚುವುದನ್ನು ಕಣ್ಣಾರೆ ನೋಡುವುದು ಸಣ್ಣ ಮಾತಲ್ಲ. ಮೇಷ್ಟ್ರು ಹಾಳೆಯ ಕೆಳಗೆ ತಾರೀಖು ಹಾಕಿ, ಸಹಿ ಮಾಡಿ, ಫೈಲಿಗೆ ಸೇರಿಸಿದರು. ಆಸ್ಪತ್ರೆಯ ಪೆಟ್ಟಿಗೆಯ ತಳಮಿತಿಯನ್ನು ಅವತ್ತೇ ಇಪ್ಪತ್ತೆರಡು ಸಾವಿರಕ್ಕೆ ಏರಿಸಲು ಎಂಜಿನಿಯರಳನ್ನು ವಾಪಸು ಕಳಿಸಿದರು. ಹಾಗೆ ಏರಿಸಿದರೆ ಮಂದ ಬಿಸಿಲಿನ ದಕ್ಷತೆ ಎಪ್ಪತ್ತೊಂಬತ್ತಕ್ಕೆ ಇಳಿಯುತ್ತದೆ, ಮೋಡದ ದಿನ ಬೆಳಗಿನ ಹತ್ತು ಗಂಟೆಯೊಳಗೆ ದೀಪಗಳು ಸೊರಗುತ್ತವೆ ಎಂಬ ಲೆಕ್ಕವೂ ಅವರಿಗೆ ಬಾಯಿಪಾಠವಿತ್ತು. ಅದಕ್ಕೆ ಎರಡು ಹೆಚ್ಚುವರಿ ಬ್ಯಾಟರಿಗಳನ್ನು ಅದೇ ವ್ಯಾನಿನಲ್ಲಿ ಏರಿಸಿದರು. ತಾತ್ಕಾಲಿಕಕ್ಕೆ ಅದು ಸಾಕಾಗಿತ್ತು.

ಸಂಜೆ ಮನೆಯಲ್ಲಿ ಕಾಫಿ ಲೋಟ ಹಿಡಿದು, ಹೆಂಡತಿಯ ಮುಂದೆ ವಿಷಯ ತೆಗೆದರು. ಆಕೆ ಮೊದಲು ನಕ್ಕರು. ಗಂಡನ ಮುಖ ನೋಡಿ ನಗು ನಿಲ್ಲಿಸಿದರು. ಗಂಡನ ಕಿವಿಯ ವಿಷಯ ಆಕೆಗೆ ನಾಲ್ಕು ವರ್ಷದಿಂದ ಗೊತ್ತಿತ್ತು.

"ಹೋದ ಸಲ ಜ್ವರ ಬಂದಾಗ ಥರ್ಮಾಮೀಟರ್ ಕೂಗಿ ಕೂಗಿ ಸುಸ್ತಾಗಿ ಸುಮ್ಮನಾಯ್ತು. ನೀವು ಇನ್ನೂ ಬಾಯಲ್ಲಿ ಇಟ್ಕೊಂಡು ಕೂತಿದ್ರಿ."

"ಮತ್ತೆ ಹೇಳ್ಬಾರ್ದಾಗಿತ್ತಾ?"

"ಲೋಕವೆಲ್ಲ ಕಿವಿ ಮೇಷ್ಟ್ರು ಅನ್ನೋವಾಗ ನಾನೊಬ್ಳು ಬೇರೆ ರಾಗ ತೆಗೀಲಾ? ನೀವು ಅದೊಂದಕ್ಕೇ ಉಬ್ಬೋದು. ಹೋಗ್ಲಿ ಪಾಪ ಅಂದ್ಕೊಂಡೆ."

ಪಾಪ ಎಂಬ ಮಾತು ಮೇಷ್ಟ್ರಿಗೆ ಹಿತವಾಗಲಿಲ್ಲ. ಹೆಂಡತಿ ಪಾಪ ಎಂದು ಬಿಟ್ಟರು, ಸಹೋದ್ಯೋಗಿಗಳು ಗೌರವ ಎಂದು ಬಿಟ್ಟರು, ಎಂಜಿನಿಯರಳು ಹೆದರಿ ಬಿಟ್ಟಳು. ಎಲ್ಲರ ಒಳ್ಳೆಯತನವೂ ಸೇರಿ ನಾಲ್ಕು ಕೂಸುಗಳ ಕಿವಿಗೆ ಸೂಜಿಯಾಗಿತ್ತು. ಅವರಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ, ತಮ್ಮ ಮೇಲೆ ಮಾತ್ರ ಬಂತು. ಪ್ರಾಯ ಕಳೆದಂತೆ ಕಿವಿ ಮಂದವಾಗುವುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಕನ್ನಡಕವನ್ನು ಮೂರು ಸಲ ಬದಲಾಯಿಸಿಕೊಂಡ ಮನುಷ್ಯ, ಕಿವಿ ಮಾತ್ರ ತಮಗೆ ಹೇಳದೆ ಕೇಳದೆ ಎಲ್ಲೂ ಹೋಗುವುದಿಲ್ಲ ಎಂದು ನಂಬಿ ಕೂತಿದ್ದರು.

ಮಾರನೆಯ ದಿನ ಅವರು ಕಂಪನಿಯ ಮುಖ್ಯಸ್ಥನ ಮುಂದೆ ಕೂತರು. ಮುಖ್ಯಸ್ಥನೂ ಅವರ ಕೈಯಲ್ಲೇ ಬೆಸುಗೆ ಹಾಕಲು ಕಲಿತವನು, ಎದ್ದು ನಿಂತೇ ಮಾತಾಡಿಸುವವನು. ಮುಂದಿನ ಎರಡು ತಿಂಗಳಲ್ಲಿ ಇಂಥದೇ ನೂರು ಪೆಟ್ಟಿಗೆಗಳು ನೂರು ಹೆರಿಗೆ ಆಸ್ಪತ್ರೆಗಳಿಗೆ ಹೋಗಬೇಕಿತ್ತು. ಮಂದ ಬಿಸಿಲಿನಲ್ಲಿ ತೊಂಬತ್ತೊಂದು ಎಂದು ಬರೆದುಕೊಟ್ಟಾಗಿತ್ತು. ಅವನು ಹಾಳೆಯನ್ನು ಓದಿ, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. ಈಗಾಗಲೇ ನಲವತ್ತೊಂದು ಕಡೆ ಹೋಗಿರುವ ಹಳೆಯ ಪೆಟ್ಟಿಗೆಗಳಿಗೆ ಹೊಸ ಆವೃತ್ತಿ ಎಂಬ ಹೆಸರಿನಲ್ಲಿ ಬದಲಾವಣೆ ಕಳಿಸಿಬಿಡೋಣ, ಕಾರಣ ಯಾರೂ ಕೇಳುವುದಿಲ್ಲ, ಹೆಚ್ಚಿನವು ಪಂಪಿನ ಮನೆಗಳಲ್ಲಿ, ಹೊರಗೋಡೆಗಳ ಮೇಲೆ ಇರುವಂಥವು, ಇಷ್ಟು ವರ್ಷ ಒಬ್ಬರೂ ದೂರಿಲ್ಲ ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಷ್ಟ್ರನ್ನು ಕಾಪಾಡಬೇಕೆಂಬ ಆಸೆಯೂ ನಿಜವೇ.

"ನಿಮ್ಮ ಕಿವಿ ವಿಷಯ ಯಾಕೆ ಎತ್ತಬೇಕು ಮೇಷ್ಟ್ರೇ? ಎಂಟು ತಿಂಗಳಿಗೆ ನಿವೃತ್ತಿ. ಹೆಸರು ಹೆಸರಾಗೇ ಇರ್ಲಿ."

"ಪರೀಕ್ಷೆ ಕೈಪಿಡೀಲಿ ಏಳನೇದು ನೋಡಪ್ಪ. ಒಂದು ಅಡಿ ದೂರ ಕೂತು ಕೇಳಿ, ಏನೂ ಕೇಳಿಸದಿದ್ರೆ ಪಾಸು. ನಾನೇ ಬರೆದಿದ್ದು. ಯಾರ ಕಿವಿ ಅಂತ ಬರೆದೇ ಇಲ್ಲ. ನಾನು ಹೋದ್ಮೇಲೆ ಅದೇ ಕುರ್ಚೀಲಿ ನೀನು ಕೂತ್ಕೋತೀಯ. ನಿನಗೀಗ ಎಷ್ಟು, ನಲವತ್ತೆಂಟಾ?"

ಮುಖ್ಯಸ್ಥನ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಗಿ ಬಂತು. ಮೇಷ್ಟ್ರು ಎರಡು ಮಾತು ಕೇಳಿದರು: ಹೊರಗೆ ಹೋಗಿರುವ ನಲವತ್ತೊಂದು ಕಡೆಗೂ ಏನು ತಪ್ಪಾಗಿದೆ, ಯಾಕೆ ಆಗಿದೆ ಎಂದು ತಮ್ಮ ಸಹಿಯಲ್ಲೇ ಪತ್ರ ಹೋಗಬೇಕು. ಎರಡನೆಯದು, ಹೊಸ ವಿನ್ಯಾಸಕ್ಕೆ ಆರು ವಾರ ಕೊಡಬೇಕು. ಸದ್ದು ಬೇಡವೆಂದರೆ ಕಾವು ಇಲ್ಲ, ಕಾವು ಬೇಕೆಂದರೆ ಸದ್ದು ಎಂಬಂಥ ಪೆಟ್ಟಿಗೆಯನ್ನು ಕೂಸುಗಳ ಕೋಣೆಗೆ ಕಳಿಸುವುದಕ್ಕಿಂತ ತಾವು ಇವತ್ತೇ ಮನೆಗೆ ಹೋಗುವುದು ಮೇಲು ಎಂದರು. ಮುಖ್ಯಸ್ಥ ಎರಡಕ್ಕೂ ಒಪ್ಪಿದ. ಅಂಥ ಮೇಷ್ಟ್ರ ಮುಂದೆ ಒಪ್ಪದೆ ಇರುವುದು ಹೇಗೆ?

ಪತ್ರಗಳು ಹೋದವು. ಹೆಚ್ಚಿನ ಕಡೆಯವರು, ಆಗಲಿ ಬಂದು ಸರಿಮಾಡಿ ಎಂದು ಒಂದು ಸಾಲು ಬರೆದರು. ಒಂದು ಶಾಲೆಯಿಂದ ಮಾತ್ರ ಒಂದು ಪುಟ ಬಂತು. ಅವರ ಪೆಟ್ಟಿಗೆ ಒಂದು ತರಗತಿಯ ಕಿಟಕಿಯ ಕೆಳಗೆ ಹೊರಗೋಡೆಯ ಮೇಲಿತ್ತು. ಆ ಕಿಟಕಿಯ ಬೆಂಚಿನಲ್ಲಿ ಕೂರಿಸಿದ ಮಕ್ಕಳೆಲ್ಲ ಬೆಳಗಿನ ಮೊದಲೆರಡು ಪಾಠದಲ್ಲಿ ಚಡಪಡಿಸುತ್ತಾರೆ, ತಂಟೆ ಮಾಡುತ್ತಾರೆ ಎಂದು ಮೂರು ವರ್ಷದಿಂದ ಅವರನ್ನು ಹೊರಗೆ ನಿಲ್ಲಿಸುತ್ತಿದ್ದೆವು ಎಂದು ಅಲ್ಲಿನ ಟೀಚರು ಬರೆದಿದ್ದರು. ಬೈಗುಳವೊಂದೂ ಇರಲಿಲ್ಲ. ಮೇಷ್ಟ್ರು ಅದನ್ನು ಓದಿ ಮಧ್ಯಾಹ್ನದ ಊಟ ಮಾಡಲಿಲ್ಲ. ಆ ಶಾಲೆಗೆ ಬೇರೆ ಯಾರನ್ನೂ ಕಳಿಸದೆ ತಾವೇ ಹೋಗಿ, ತರಗತಿಯ ಮುಂದೆ ನಿಂತು, ಗದ್ದಲ ಮಾಡಿದ್ದು ನೀವಲ್ಲ, ನನ್ನ ಪೆಟ್ಟಿಗೆ ಎಂದು ಮಕ್ಕಳಿಗೆ ಹೇಳಿ ಬಂದರು.

ಕೆಲಸ ನಡೆಯಿತು. ಹದಿನೆಂಟು ವರ್ಷ ಕೂತಿದ್ದ ಕುರ್ಚಿಯನ್ನು ಪೆಟ್ಟಿಗೆಯ ಪಕ್ಕದಿಂದ ಎಳೆದು ಎಂಜಿನಿಯರಳಿಗೆ ಕೊಟ್ಟು, ಮೇಷ್ಟ್ರು ಬರೆಯುವ ಮೇಜಿಗೆ ಹೋದರು. ಕಿವಿಯ ಕೆಲಸವೆಲ್ಲ ಅವಳದು ಮತ್ತು ಒಂದು ಮೈಕಿನದು. ಅವರದು ಬರಿಯ ಲೆಕ್ಕ, ಬರಿಯ ಯೋಚನೆ. ಕಿವಿಯ ಭರವಸೆಯಲ್ಲಿ ಇಷ್ಟು ವರ್ಷ ಬಿಟ್ಟುಬಿಟ್ಟಿದ್ದ ಯೋಚನೆಯನ್ನು ಬುಡದಿಂದ ಶುರು ಮಾಡಿದರು. ಬಡಿತ ನಿಧಾನ ಮಾಡಬೇಕಾದದ್ದೇಕೆ? ಕಾಯಿಲು, ಸ್ವಿಚ್ಚು ಎರಡೂ ದೊಡ್ಡವು, ಉರಿಬಿಸಿಲಿನ ಹೊರೆಗೆ ತಕ್ಕವು. ಮಂದ ಬಿಸಿಲಿನಲ್ಲಿ ಅಷ್ಟು ದೊಡ್ಡದನ್ನು ಓಡಿಸುವುದು ಒಂದು ಲೋಟ ಹಾಲು ಕಾಯಿಸಲು ಹಂಡೆ ಇಟ್ಟಂತೆ. ದೊಡ್ಡದೊಂದರ ಬದಲು ಸಣ್ಣ ಎರಡು ಇಟ್ಟರೆ? ಬಿಸಿಲಿದ್ದಾಗ ಎರಡೂ ಸರದಿಯ ಮೇಲೆ ಬಡಿಯಲಿ. ಮೋಡ ಬಂದಾಗ ಒಂದು ಮಲಗಲಿ, ಇನ್ನೊಂದು ನಿಧಾನಿಸದೆ ತನ್ನ ಪಾಡಿಗೆ ಕಿವಿಯ ಎಟುಕಿನ ಮೇಲೆಯೇ ಬಡಿಯುತ್ತಿರಲಿ.

ಹೇಳಲು ಸುಲಭ. ಮೊದಲ ಜೋಡಿಯಲ್ಲಿ ಒಂದು ಕಾಯಿಲು ಹೊರೆಯೆಲ್ಲ ತಾನೇ ಎಳೆದುಕೊಂಡು ಮುಟ್ಟಲಾಗದಷ್ಟು ಕಾದಿತು, ಇನ್ನೊಂದು ಸೋಮಾರಿಯಾಗಿ ಕೂತಿತು. ಎರಡನೆಯ ಜೋಡಿಯಲ್ಲಿ ಮಲಗಿದ್ದು ಏಳುವ ಹೊತ್ತಿಗೆ ಸರಿಯಾಗಿ ಸ್ವಿಚ್ಚುಗಳು ಪಟ್ಟನೆ ಸಿಡಿದವು, ಒಂದೇ ದಿನ ಆರು. ಮೇಷ್ಟ್ರು ಸಿಡಿದ ಸ್ವಿಚ್ಚುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು, ಸೋರುವ ಚೂರು ಶಕ್ತಿಯನ್ನು ಹಿಡಿಯುವ ತಮ್ಮ ಹಳೆಯ ಉಪಾಯವನ್ನೇ ತಿದ್ದಿದರು. ಇಬ್ಬರಿಗೂ ಸೇರಿ ಒಂದೇ ಕೆಪಾಸಿಟರು. ಎಚ್ಚರವಾಗಿರುವವನು ತುಂಬಿಟ್ಟದ್ದು ಮಲಗಿದವನು ಏಳುವಾಗ ಮೆತ್ತೆಯಾಗಬೇಕು. ಆ ಗೆರೆಯನ್ನು ಕಾಗದದ ಮೇಲೆ ಎಳೆದ ದಿನ ಎಂಜಿನಿಯರಳು ಅದನ್ನು ಐದು ನಿಮಿಷ ನೋಡಿ, ಸರ್ ಇದು ಎಷ್ಟು ಚೆನ್ನಾಗಿದೆ ಎಂದಳು. ನಿಜಕ್ಕೂ ಚೆನ್ನಾಗಿತ್ತು. ಐವತ್ತೊಂಬತ್ತರಲ್ಲಿ, ತಮ್ಮ ಹೆಸರನ್ನು ತಾವೇ ಅಳಿಸಿಕೊಂಡ ತಿಂಗಳಲ್ಲಿ, ಅವರು ತಮ್ಮ ಜೀವಮಾನದ ಅತ್ಯುತ್ತಮ ಸರ್ಕೀಟು ಬರೆದಿದ್ದರು.

ಐದನೆಯ ವಾರದ ಕೊನೆಗೆ ಅಂಕಿ ಬಂತು. ಬಡಿತ ಎಲ್ಲೂ ಇಪ್ಪತ್ತೈದು ಸಾವಿರಕ್ಕಿಂತ ಕೆಳಗಿಳಿಯದೆ ಮಂದ ಬಿಸಿಲಿನಲ್ಲಿ ತೊಂಬತ್ತು. ಇನ್ನೊಂದೇ ಒಂದು ಬಂದಿದ್ದರೆ ಬರೆದುಕೊಟ್ಟ ಮಾತು ಉಳಿಯುತ್ತಿತ್ತು. ಮೀಟರು ಕೆಲವೊಮ್ಮೆ ತೊಂಬತ್ತೂವರೆ ದಾಟಿ ತೋರಿಸುತ್ತಿತ್ತು, ದುಂಡಗೆ ಮಾಡಿದರೆ ತೊಂಬತ್ತೊಂದೇ ಎಂದು ಯಾರೋ ಮೆಲ್ಲಗೆ ಹೇಳಿದರು. ಮೇಷ್ಟ್ರು ತೊಂಬತ್ತು ಎಂದೇ ಬರೆದರು. ಕೈಪಿಡಿಯ ಏಳನೆಯ ಪರೀಕ್ಷೆಯನ್ನು ಹೊಡೆದುಹಾಕಿ ಹೊಸದಾಗಿ ಬರೆದರು: ಮೈಕಿನಿಂದ ಅಳೆಯಬೇಕು, ಜೊತೆಗೆ ಮೂವರು ಕೇಳಬೇಕು, ಮೂವರಲ್ಲಿ ಒಬ್ಬರಾದರೂ ಇಪ್ಪತ್ತೈದರ ಕೆಳಗಿನವರಿರಬೇಕು, ಒಬ್ಬರು ಕೇಳಿಸಿತೆಂದರೂ ಪೆಟ್ಟಿಗೆ ಹೊರಗೆ ಹೋಗಕೂಡದು. ಕೇಳಿಸಿತೆಂದವರನ್ನು ನೋಡಿ ನಗಕೂಡದು ಎಂದೂ ಒಂದು ಸಾಲು ಸೇರಿಸಿದರು. ಮುಖ್ಯಸ್ಥ ಆ ಕೊನೆಯ ಸಾಲು ತೆಗೆಯಲು ಹೋಗಿ, ಆಮೇಲೆ ಹಾಗೇ ಬಿಟ್ಟ.

ಹೊಸ ಪೆಟ್ಟಿಗೆಯನ್ನು ಆಸ್ಪತ್ರೆಗೆ ಒಯ್ದದ್ದು ಒಂದು ಮಂಕು ಬೆಳಿಗ್ಗೆ. ಅಂಥ ಬೆಳಿಗ್ಗೆಗಾಗಿ ಅವರು ನಾಲ್ಕು ದಿನ ಕಾದಿದ್ದರು. ಆಕಾಶದಲ್ಲಿ ಸೂರ್ಯನಿರುವ ಜಾಗ ಯಾವುದೆಂದೇ ತಿಳಿಯುತ್ತಿರಲಿಲ್ಲ. ತೊಟ್ಟಿಲುಗಳಲ್ಲಿ ಬೇರೆ ಕೂಸುಗಳಿದ್ದವು; ಹಳೆಯವು ದುಂಡಗಾಗಿ ಮನೆಗೆ ಹೋಗಿದ್ದವಂತೆ. ಎಂಜಿನಿಯರಳು ಹಳೆಯ ಪೆಟ್ಟಿಗೆ ಇಳಿಸಿ, ಹೊಸದನ್ನು ಏರಿಸಿ, ತಂತಿಗಳನ್ನು ಬಿಗಿದಳು. ಸಿಸ್ಟರ್ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದಳು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರಂತೆ ಅವಳ ಭುಜಗಳು ಕಿವಿಯವರೆಗೆ ಏರಿದ್ದವು.

ಮೇಷ್ಟ್ರು ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಬಾಗಿಲ ಪಕ್ಕ ನಿಂತು ಸಿಸ್ಟರ್ ಮುಖವನ್ನೇ ನೋಡುತ್ತಿದ್ದರು. ಅವರ ಪಾಲಿಗೆ ಈ ಕೋಣೆ ಅವತ್ತು ಹೇಗಿತ್ತೋ ಇವತ್ತೂ ಹಾಗೇ ಇತ್ತು. ಅದೇ ನಿಶ್ಶಬ್ದ, ಒಂದೆಳೆಯೂ ಹೆಚ್ಚಿಲ್ಲ, ಒಂದೆಳೆಯೂ ಕಡಿಮೆಯಿಲ್ಲ. ಐದಾರು ವಾರ ಹಗಲಿರುಳೆನ್ನದೆ ದುಡಿದು ಮಾಡಿದ್ದು ಅವರಿಗೆ ಎಂದಿಗೂ ಕೇಳಿಸುವಂಥದ್ದಲ್ಲ. ಗೆದ್ದೆವೋ ಸೋತೆವೋ ಎಂಬುದನ್ನು ಇನ್ನೊಬ್ಬರ ಹುಬ್ಬು ನೋಡಿಯೇ ತಿಳಿಯಬೇಕು. ನಿಮಿಷಗಳು ಹೋದವು. ಸಿಸ್ಟರ್ ಹುಬ್ಬು ಅಲ್ಲಾಡಲಿಲ್ಲ, ಭುಜವೂ ಇಳಿಯಲಿಲ್ಲ.

ಕೊನೆಗೆ ಅವಳು, ತಾಳ್ಮೆ ಕಳೆದುಕೊಂಡವಳ ಹಾಗೆ, ಎಂಜಿನಿಯರಳನ್ನು ಕೇಳಿದಳು.

"ಯಾವಾಗ ಹಾಕ್ತೀರಿ ಅದನ್ನ?"

"ಹಾಕಿ ಕಾಲು ಗಂಟೆ ಆಯ್ತು ಸಿಸ್ಟರ್."

ಸಿಸ್ಟರ್ ಪೆಟ್ಟಿಗೆಯನ್ನು ನೋಡಿದಳು, ದೀಪಗಳನ್ನು ನೋಡಿದಳು. ಅವಳ ಭುಜಗಳು ನಿಧಾನವಾಗಿ ಕೆಳಗಿಳಿದವು. ಮೇಷ್ಟ್ರು ಗೋಡೆಗೆ ಒರಗಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಈಗ ಹೇಗಿದೆ ಕೋಣೆ ಎಂದು ಅವಳನ್ನು ಕೇಳಿದರು, ಕಾಣದ ಊರಿನ ಸುದ್ದಿ ಕೇಳುವವರ ಹಾಗೆ.

"ಏನೂ ಇಲ್ಲ ಸರ್. ಕೂಸುಗಳು ಉಸಿರಾಡೋದು ಕೇಳಿಸ್ತಿದೆ, ಅಷ್ಟೇ."

ಮೇಷ್ಟ್ರು ಹತ್ತಿರದ ತೊಟ್ಟಿಲ ಬಳಿ ಹೋಗಿ ಬಗ್ಗಿದರು. ಅಷ್ಟು ಸಣ್ಣ ಉಸಿರು ಅವರಿಗೆ ಕೇಳಿಸಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, ಕೂಸಿನ ಎದೆಯ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯ ಒಂದು ಮಡಿಕೆ ಏಳುವುದನ್ನೂ ಬೀಳುವುದನ್ನೂ ನೋಡುತ್ತ ನಿಂತರು.